ರೆಫರ್ ಮಾಡಲಾಗಿದೆ, ಟಿಕೆಟ್ ಕ್ಲೋಸ್

ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದು ಹಳೇ ಚಾಳಿ ಇದೆ. ಗ್ರಾಹಕ ಒಂದು ದೂರು ಕಳಿಸ್ತಾನೆ. ನೀವು ಅದನ್ನು ಓದಿ, ‘ಇದು ನಮ್ಮ ಟೀಮಿನ ಕೆಲಸ ಅಲ್ಲ’ ಅಂತ ಬರೆದು ಇನ್ನೊಂದು ಟೀಮಿಗೆ ದಾಟಿಸಿ ನಿಮ್ಮ ಕಡೆ ಟಿಕೆಟ್ ಕ್ಲೋಸ್ ಮಾಡಿಬಿಡ್ತೀರಿ. ತಿಂಗಳ ಕೊನೆಗೆ ಮ್ಯಾನೇಜರ್ ತೋರಿಸೋ ಗ್ರಾಫಿನಲ್ಲಿ ನಿಮ್ಮ ಹೆಸರಿನ ಮುಂದೆ ಹಸಿರು ಕಡ್ಡಿ ಉದ್ದಕ್ಕಿರುತ್ತೆ. ಗ್ರಾಹಕನ ತೊಂದರೆ ಎಲ್ಲಿತ್ತೋ ಅಲ್ಲೇ ಇರುತ್ತೆ.

ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಪುಟ್ಟ ಮಕ್ಕಳ ವಿಷಯದಲ್ಲಿ ನಮ್ಮ ಸರ್ಕಾರಗಳು ಮಾಡ್ತಿರೋದು ಥೇಟ್ ಇದನ್ನೇ. ವರ್ಷ ತುಂಬಿದರೂ ಕೂರದ, ಎರಡು ವರ್ಷವಾದರೂ ಒಂದು ಮಾತೂ ಆಡದ, ಹೆಸರು ಹಿಡಿದು ಕರೆದರೆ ತಿರುಗಿ ನೋಡದ ಮಕ್ಕಳನ್ನು ಹುಡುಕೋದಕ್ಕೆ ಒಂದು ವ್ಯವಸ್ಥೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಆರ್‌ಬಿಎಸ್‌ಕೆ ಅಂತ ಬರೆದ ಗಾಡಿ ಊರ ಕಡೆ ಓಡಾಡೋದನ್ನು ನೀವೂ ನೋಡಿರ್ತೀರಿ. ಡಾಕ್ಟರುಗಳಿರುವ ಒಂದು ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು; 30 ಬಗೆಯ ತೊಂದರೆಗಳ ಪಟ್ಟಿ ಅವರ ಹತ್ತಿರ ಇರುತ್ತೆ, ಬೆಳವಣಿಗೆ ತಡವಾಗಿರೋದೂ ಅದರಲ್ಲಿ ಸೇರಿದೆ. ಒಳ್ಳೆಯ ಯೋಜನೆ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಮಗು ಸಿಕ್ಕಿದ ಮೇಲೆ? ಒಂದು ಚೀಟಿ. ‘ಜಿಲ್ಲಾ ಕೇಂದ್ರಕ್ಕೆ ರೆಫರ್ ಮಾಡಲಾಗಿದೆ.’

ಅಲ್ಲಿಗೆ ಟಿಕೆಟ್ ಕ್ಲೋಸ್.

ಜಿಲ್ಲಾ ಕೇಂದ್ರ ಅಂದ್ರೆ ಡಿಇಐಸಿ. ಕನ್ನಡದಲ್ಲಿ ಇದನ್ನು ‘ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ’ ಅಂತಾರೆ. ಮಧ್ಯಸ್ಥಿಕೆ ಅಂದರೆ ಏನೋ ಗದ್ದೆ ಗಡಿಯ ಜಗಳ ಬಿಡಿಸುವ ಜಾಗ ಇರಬೇಕು ಅಂತ ನಮ್ಮ ಭಾವ ಅಂದುಕೊಂಡಿದ್ದರು :) ನಗು ಬಂದರೂ ಅವರ ತಪ್ಪೇನಿಲ್ಲ ಬಿಡಿ. ಈ ಅನುವಾದ ಮಾಡಿದವರು ಯಾರೋ, ಅವರನ್ನು ಹಿಡಿದು ಕೇಳಬೇಕು.

ಭಾವನ ಮಾತು ಯಾಕೆ ಬಂತು ಅಂದ್ರೆ, ಆ ಚೀಟಿ 2023ರಲ್ಲಿ ನಮ್ಮ ಮನೆಗೂ ಬಂತು. ಅಕ್ಕನ ಮನೆ ತುಮರಿ ಕಡೆ. ಶರಾವತಿ ಹಿನ್ನೀರಿನ ಆಚೆ ದಡ. ಅವಳ ಮಗನಿಗೆ ಆಗ ಒಂದು ವರ್ಷ ಎಂಟು ತಿಂಗಳು. ನಡೀತಿರಲಿಲ್ಲ, ಬೆರಳು ತೋರಿಸಿ ಏನೂ ಕೇಳ್ತಿರಲಿಲ್ಲ, ಮಾತಂತೂ ದೂರವೇ ಉಳೀತು. ಅವಳ ಅತ್ತೆ ‘ಗಂಡು ಹುಡ್ಗ್ರಿಗೆ ಮಾತು ತಡನೇಯ, ಅವನ ಅಪ್ಪಂಗೂ ಹಂಗೇ ಆಗಿತ್ತು’ ಅಂತ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು. ಜಿಲ್ಲಾ ಕೇಂದ್ರದವರು ಮಗುವನ್ನು ಸರಿಯಾಗಿಯೇ ನೋಡಿದರು, ಸಮಾಧಾನವಾಗಿ ಮಾತಾಡಿದರು. ಕೊನೆಗೆ ಹೇಳಿದ್ದು: ‘ವಾರಕ್ಕೆ ಎರಡು ಸಲ ಕರ್ಕೊಂಡು ಬನ್ನಿ.’

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಥೆರಪಿ ಅಂದಮೇಲೆ ಅಷ್ಟಾದರೂ ಬೇಕು. ಆದರೆ ತುಮರಿಯಿಂದ ಸಾಗರ, ಸಾಗರದಿಂದ ಶಿವಮೊಗ್ಗ; ಹೋಗಿ ಬರೋಕೆ 200 ಕಿಲೋಮೀಟರಿಗೂ ಮೇಲೆ. ಆಗಿನ್ನೂ ಸೇತುವೆ ಇರಲಿಲ್ಲ, ಲಾಂಚ್ ಕಾಯಬೇಕು. ಸಂಜೆಯ ಕೊನೆ ಲಾಂಚ್ ತಪ್ಪಿದರೆ ಊರು ಸುತ್ತಿಕೊಂಡು ಮನೆ ಸೇರಬೇಕು, ಇಲ್ಲಾ ಸಾಗರದಲ್ಲಿ ಯಾರದ್ದಾದರೂ ಮನೆಯಲ್ಲಿ ಉಳೀಬೇಕು. ಬಸ್ಸಿನಲ್ಲಿ ಕೂತರೆ ವಾಂತಿ ಮಾಡೋ, ಜನ ಕಂಡರೆ ಕಿರುಚೋ ಮಗುವನ್ನು ಸೊಂಟದಲ್ಲಿ ಹೊತ್ತುಕೊಂಡು, ವಾರಕ್ಕೆ ಎರಡು ಸಲ. ಮುಕ್ಕಾಲು ಗಂಟೆಯ ಥೆರಪಿಗೆ. ಆ ಹೊತ್ತಿಗೆ ಮಗು ಸುಸ್ತಾಗಿ ನಿದ್ದೆ ಹೋಗಿರುತ್ತೆ! ಅಕ್ಕ ಮೂರು ಸಲ ಹೋದಳು. ನಾಲ್ಕನೇ ಸಲ ಹೋಗಲಿಲ್ಲ. ಸರ್ಕಾರದ ಭಾಷೆಯಲ್ಲಿ ಇದಕ್ಕೆ ‘ಪೋಷಕರ ನಿರಾಸಕ್ತಿ’ ಅನ್ನೋ ಹೆಸರೂ ಇದೆ ಮಾರಾಯ್ರೇ. ಈ ಎರಡು ಪದ ಕೇಳಿದರೆ ನನಗೆ ಮೈ ಉರಿಯುತ್ತೆ.

2025ರ ಜುಲೈನಲ್ಲಿ ಸೇತುವೆ ಆಯ್ತು, ಸರಿ. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ, 470 ಕೋಟಿಯ ಆಸುಪಾಸು ಖರ್ಚು. ಲಿಂಗನಮಕ್ಕಿಯಲ್ಲಿ ಮುಳುಗಿದ ಜನ ಆರು ದಶಕ ಕಾದು ಪಡೆದ ಸೇತುವೆ, ಅದರ ಬಗ್ಗೆ ಒಂದು ಮಾತೂ ಆಡಲ್ಲ. ನಾನು ಕೇಳೋದು ಬೇರೆ. ಆ ಸೇತುವೆ ಮೇಲೆ ಕಾಯಿಲೆ ಮಗುವನ್ನು ಹೊತ್ತ ತಾಯಿಯೇ ಯಾಕೆ ಈ ಕಡೆಗೆ ಬರಬೇಕು? ಸ್ಕೂಟಿ ಹತ್ತಿ ಒಬ್ಬರು ಆ ಕಡೆಗೆ ಹೋದರೆ ಆಗಲ್ವಾ?

ಇದು ಬರೀ ದೂರದ ಪ್ರಶ್ನೆ ಅಂತ ನೀವು ಅಂದುಕೊಳ್ಳಬಾರದು. ಬೆಂಗಳೂರಿನಲ್ಲಿ ದೂರ ಇಲ್ಲವಲ್ಲ, ಅಲ್ಲಿ ಏನಾಯ್ತು ಹೇಳ್ತೀನಿ ಕೇಳಿ.

ಅಕ್ಕ ಮಗನನ್ನು ಕರಕೊಂಡು ನನ್ನ ಬಾಡಿಗೆ ಮನೆಗೆ ಬಂದಳು. ಮೂರು ತಿಂಗಳು ಇದ್ದಳು. ಮನೆ ಹತ್ತಿರವೇ ಒಂದು ಖಾಸಗಿ ಥೆರಪಿ ಸೆಂಟರ್, ಹೆಸರು ಬೇಡ. ಸೆಷನ್ನಿಗೆ 800 ರೂಪಾಯಿ, 45 ನಿಮಿಷ. ಗಾಜಿನ ಬಾಗಿಲು ತೆಗೆದು ಮಗುವನ್ನು ಒಳಗೆ ಕರಕೊಂಡು ಹೋಗ್ತಾರೆ, ತಾಯಿ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಒಳಗೆ ಬರ್ತೀನಿ ಅಂದರೆ ‘ನೀವಿದ್ರೆ ಅವನು ಅಳ್ತಾನೆ ಮೇಡಂ’. ಒಳಗೆ ಬಣ್ಣಬಣ್ಣದ ಮರದ ಗೂಟ, ದೊಡ್ಡ ಚೆಂಡು, ಮೆತ್ತನೆ ಹಾಸು. ಆಮೇಲೆ ಹೊರಗೆ ಬಂದು ಎರಡು ನಿಮಿಷದಲ್ಲಿ ‘ಟುಡೇ ಹಿ ಡಿಡ್ ವೆಲ್’ ಅಂತಾರೆ. ಏನು ವೆಲ್? ಹೇಗೆ ವೆಲ್? ಮನೆಯಲ್ಲಿ ಆ ಗೂಟವೂ ಇಲ್ಲ ಆ ಚೆಂಡೂ ಇಲ್ಲ. ಒಳಗೆ ಏನು ಮಾಡಿದ್ರು ಅನ್ನೋದೇ ಗೊತ್ತಿಲ್ಲದ ಅಕ್ಕ ಮನೆಯಲ್ಲಿ ಏನು ಮಾಡಬೇಕು?

ನಾನು ಡಾಕ್ಟರಲ್ಲ, ಕೋಡ್ ಬರೆಯೋ ಮನುಷ್ಯ. ಆದರೆ ಲೆಕ್ಕ ಬರುತ್ತೆ. ಒಂದು ಮಗು ದಿನಕ್ಕೆ 12 ಗಂಟೆ ಎಚ್ಚರ ಇರುತ್ತೆ ಅಂತಿಟ್ಟುಕೊಳ್ಳಿ, ವಾರಕ್ಕೆ 84 ಗಂಟೆ. ವಾರಕ್ಕೆ ಎರಡು ಸೆಷನ್ ಅಂದ್ರೆ ಒಂದೂವರೆ ಗಂಟೆ. ಶೇಕಡಾ ಎರಡೂ ಆಗಲ್ಲ. ಉಳಿದ 98 ಭಾಗ ಮಗು ಇರೋದು ಅಮ್ಮ, ಅಜ್ಜಿ, ಅಪ್ಪ, ಕೊಟ್ಟಿಗೆಯ ಕರು, ಅಂಗಳದ ನಾಯಿ ಇವರ ಜೊತೆ. ಎರಡು ವರ್ಷದ ಮಗು ಕಲಿಯೋದು ಅಲ್ಲೇ, ಸ್ನಾನ ಮಾಡಿಸುವಾಗ, ಊಟ ತಿನ್ನಿಸುವಾಗ, ಅಂಗಿ ಹಾಕುವಾಗ. ಆ 98 ಭಾಗವನ್ನು ಬಿಟ್ಟು ಎರಡು ಭಾಗದ ಮೇಲೆ ಮಾತ್ರ ದುಡ್ಡು ಸುರಿಯೋದು ಯಾವ ಸೀಮೆ ಡಿಸೈನ್?

ಇದನ್ನು ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪೋರ್ಟೇಜ್ ಅಂತ ಒಂದು ಸಣ್ಣ ಊರಿದೆ. 1969ರಲ್ಲಿ ಅಲ್ಲಿನವರಿಗೂ ನಮ್ಮ ತುಮರಿಯ ಸಮಸ್ಯೆಯೇ ಬಂತು: ಹಳ್ಳಿ ಸೀಮೆ, ಅಲ್ಲೊಂದು ಇಲ್ಲೊಂದು ಮನೆ, ಪುಟ್ಟ ಮಕ್ಕಳನ್ನು ದಿನಾ ಒಂದು ಕಡೆ ಸೇರಿಸೋಕೆ ಆಗಲ್ಲ. ಅವರು ಕಟ್ಟಡ ಕಟ್ಟೋ ಯೋಚನೆ ಬಿಟ್ಟು ಟೀಚರನ್ನೇ ಮನೆಗೆ ಕಳಿಸಿದರು. ವಾರಕ್ಕೆ ಒಂದು ಸಲ, ಸುಮಾರು ಒಂದೂವರೆ ಗಂಟೆ. ಟೀಚರ್ ಬಂದು ಮಗುವಿಗೆ ಈಗ ಏನು ಬರುತ್ತೆ ಅಂತ ನೋಡ್ತಾರೆ. ಮುಂದಿನ ವಾರದೊಳಗೆ ಬರಬಹುದಾದ ಒಂದು ಚಿಕ್ಕ ಸಂಗತಿಯನ್ನು ಅಪ್ಪ ಅಮ್ಮನ ಜೊತೆ ಕೂತು ಆರಿಸ್ತಾರೆ. ಹೇಗೆ ಕಲಿಸೋದು ಅಂತ ತಾವು ಮಾಡಿ ತೋರಿಸಿ, ಅವರ ಕೈಯಲ್ಲಿ ಮಾಡಿಸಿ, ಒಂದು ಹಾಳೆಯಲ್ಲಿ ಬರೆದು ಕೊಟ್ಟು ಹೋಗ್ತಾರೆ. ದಿನಾ ಗುರುತು ಹಾಕೋದು ಮನೆಯವರ ಕೆಲಸ. ಮುಂದಿನ ವಾರ ಬಂದು ನೋಡ್ತಾರೆ, ಬಂದಿದ್ದರೆ ಮುಂದಿನದ್ದು, ಬರದಿದ್ದರೆ ಅದನ್ನೇ ಇನ್ನೂ ಚಿಕ್ಕ ತುಂಡು ಮಾಡಿಕೊಳ್ಳೋದು. ಅವರ ಚೆಕ್‌ಲಿಸ್ಟಿನಲ್ಲಿ ಇಂಥ 580 ಸಂಗತಿಗಳಿದ್ದವು. ನಮ್ಮ ಆಫೀಸಿನಲ್ಲಿ ‘ಅಜೈಲ್’ ಅಂತ ಲಕ್ಷಗಟ್ಟಲೆ ಖರ್ಚು ಮಾಡಿ ಟ್ರೈನಿಂಗ್ ಕೊಡ್ತಾರಲ್ಲ, ಅದನ್ನು ಈ ಮೇಷ್ಟ್ರುಗಳು ನಾವು ಹುಟ್ಟೋಕೆ ಮುಂಚೆಯೇ ಮಾಡಿ ಮುಗಿಸಿದ್ದರು :) ಇಂಗ್ಲೆಂಡಿನಲ್ಲಿ ಇವತ್ತಿಗೂ ಮನೆಗೆ ಬರುವ ಈ ಸೇವೆಯನ್ನು ‘ಪೋರ್ಟೇಜ್’ ಅಂತಲೇ ಕರೀತಾರೆ.

ತಕ್ಷಣ ಬರುವ ಆಕ್ಷೇಪ ನನಗೆ ಗೊತ್ತು. ‘ಅದೆಲ್ಲ ಅಮೆರಿಕ, ಇಂಗ್ಲೆಂಡು. ನಮ್ಮಲ್ಲಿ ಅಷ್ಟು ಓದಿದ ಥೆರಪಿಸ್ಟ್‌ಗಳು ಎಲ್ಲಿದ್ದಾರೆ?’ ಜಮೈಕಾ ನೋಡಿ ಹಾಗಿದ್ರೆ. 1986-87ರಲ್ಲಿ ಕಿಂಗ್ಸ್ಟನ್ನಿನ ಬಡ ಬಡಾವಣೆಗಳಲ್ಲಿ, ವಯಸ್ಸಿಗೆ ತಕ್ಕ ಎತ್ತರ ಇಲ್ಲದ 129 ಮಕ್ಕಳ ಮೇಲೆ ಸ್ಯಾಲಿ ಗ್ರಾಂಥಮ್-ಮ್ಯಾಕ್‌ಗ್ರೆಗರ್ ಅನ್ನೋ ವೈದ್ಯೆಯ ತಂಡ ಒಂದು ಅಧ್ಯಯನ ಶುರು ಮಾಡಿತು. ಒಂದು ಗುಂಪಿನ ಮಕ್ಕಳ ಮನೆಗೆ ವಾರಕ್ಕೊಂದು ಗಂಟೆ, ಎರಡು ವರ್ಷ, ನಮ್ಮ ಆಶಾ ಕಾರ್ಯಕರ್ತೆಯರಂಥ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ಹೋದರು. ಮನೆಯಲ್ಲಿ ಬಿಸಾಕುವ ಡಬ್ಬ, ಬಾಟಲಿಗಳಿಂದ ಮಾಡಿದ ಆಟಿಕೆ ತಗೊಂಡು ಹೋಗಿ ತಾಯಂದಿರಿಗೆ ಮಗುವಿನ ಜೊತೆ ಆಡೋದನ್ನು, ಮಾತಾಡೋದನ್ನು ತೋರಿಸಿಕೊಟ್ಟರು. ಇಪ್ಪತ್ತು ವರ್ಷದ ನಂತರ ಆ ಮಕ್ಕಳನ್ನು ಮತ್ತೆ ಹುಡುಕಿ ನೋಡಿದಾಗ, ಭೇಟಿ ಸಿಕ್ಕವರ ದುಡಿಮೆ ಸಿಗದವರಿಗಿಂತ ಶೇಕಡಾ 25ರಷ್ಟು ಹೆಚ್ಚಿತ್ತು. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಗತಿ ಇದು. ಇವು ಅಂಗವೈಕಲ್ಯ ಇರುವ ಮಕ್ಕಳಲ್ಲ, ಅಪೌಷ್ಟಿಕತೆಯ ಮಕ್ಕಳು; ಆ ವ್ಯತ್ಯಾಸ ಮರೆಯಬಾರದು. ಆದರೆ ‘ಡಿಗ್ರಿ ಇಲ್ಲದವರು ಮನೆಗೆ ಹೋಗಿ ಏನು ಕಡಿದು ಕಟ್ಟೆ ಹಾಕ್ತಾರೆ’ ಅನ್ನೋರಿಗೆ ಇಷ್ಟು ಸಾಕು.

ಇನ್ನೂ ಹತ್ತಿರ ಬೇಕಾ? ತಮಿಳುನಾಡಿನ ತೆಂಕಾಶಿ ಹತ್ತಿರದ ಆಯ್ಕುಡಿಯಲ್ಲಿ ಅಮರ್ ಸೇವಾ ಸಂಗಮ್ ಅಂತ ಒಂದು ಸಂಸ್ಥೆ ಇದೆ, 1981ರಲ್ಲಿ ಶುರುವಾದದ್ದು. ಕಟ್ಟಿದ ಎಸ್. ರಾಮಕೃಷ್ಣನ್ ಸ್ವತಃ ಗಾಲಿಕುರ್ಚಿಯಲ್ಲಿ ಇರುವವರು. ಅಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸ್ತಾರೆ. ಥೆರಪಿಸ್ಟ್‌ಗಳು ಹಿಂದೆ ನಿಂತು, ಒಂದು ಮೊಬೈಲ್ ಆ್ಯಪ್ ಮೂಲಕ ಪ್ರತಿ ಮಗುವಿನ ಲೆಕ್ಕ ನೋಡ್ತಾ ಮಾರ್ಗದರ್ಶನ ಮಾಡ್ತಾರೆ. ಅಂದರೆ ಓದಿದ ಥೆರಪಿಸ್ಟ್ ಬೇಕೇ ಬೇಕು. ಹತ್ತು ಜನರನ್ನು ತಯಾರು ಮಾಡಿ ತಿದ್ದೋದಕ್ಕೆ ಬೇಕು. ಒಂದು ರೂಮಿನಲ್ಲಿ ಕೂತು ‘ನೆಕ್ಸ್ಟ್’ ಅನ್ನೋದಕ್ಕಲ್ಲ.

ಈಗ ನಮ್ಮ ಕರ್ನಾಟಕಕ್ಕೆ ಬನ್ನಿ. ಮನೆಗೆ ಹೋಗುವ ಪದ್ಧತಿ ನಮಗೆ ಹೊಸದಾ? 2018ರಲ್ಲಿ ಕೇಂದ್ರ ಸರ್ಕಾರ ಒಂದು ಕಾರ್ಯಕ್ರಮ ತಂದಿತು. ಆಶಾ ಕಾರ್ಯಕರ್ತೆ ಮಗುವಿಗೆ 3, 6, 9, 12, 15ನೇ ತಿಂಗಳು ಆದಾಗ ಮನೆಗೆ ಹೋಗಬೇಕು, ಐದು ಭೇಟಿ. ತೂಕ, ಲಸಿಕೆ, ಊಟ, ಜೊತೆಗೆ ಮಗುವಿನ ಬೆಳವಣಿಗೆಯ ಹೆಜ್ಜೆಗಳು. ಒಂದು ಭೇಟಿಗೆ ಆಕೆಗೆ ಸಿಗೋದು ಎಷ್ಟು ಗೊತ್ತಾ? 50 ರೂಪಾಯಿ. ನಮ್ಮ ಆಫೀಸಿನ ಕೆಳಗೆ ಒಂದು ಮಸಾಲೆದೋಸೆಯೂ ಬರಲ್ಲ ಅದಕ್ಕೆ. ಇನ್ನು 15ನೇ ತಿಂಗಳಿಗೆ ಭೇಟಿ ಮುಗಿದುಹೋಗುತ್ತೆ. ಮಾತು ಬಂದಿಲ್ಲ, ನಡೀತಿಲ್ಲ ಅಂತ ಮನೆಯವರಿಗೆ ಗಾಬರಿ ಶುರುವಾಗೋದೇ ಅಲ್ಲಿಂದ!

2023ರ ನವೆಂಬರಿನಲ್ಲಿ ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿ ಪ್ರೋಟೊಕಾಲ್ ಬಂತು. 2024ರಲ್ಲಿ ಹುಟ್ಟಿನಿಂದ ಮೂರು ವರ್ಷದ ಮಕ್ಕಳಿಗೆ ‘ನವಚೇತನ’ ಅನ್ನೋ ಚೌಕಟ್ಟು ಬಂತು. ಎರಡನ್ನೂ ಓದಿದೆ. ಕಾಗದದ ಮೇಲೆ ಚೆನ್ನಾಗಿದೆ, ಮನೆಭೇಟಿ ಅನ್ನೋ ಪದವೂ ಇದೆ. ಆದರೆ ಆ ಕೆಲಸ ಮಾಡಬೇಕಾದ್ದು ಯಾರು? ಅದೇ ಅಂಗನವಾಡಿ ಟೀಚರ್, ಅದೇ ಆಶಾ. ಮೊಟ್ಟೆ ಹಂಚುವವರೂ ಅವರೇ, ಸರ್ವೆಗೂ ಅವರೇ, ಚುನಾವಣೆ ಪಟ್ಟಿಗೂ ಅವರೇ, ಆ್ಯಪಿನಲ್ಲಿ ಫೋಟೋ ಏರಿಸೋದಕ್ಕೂ ಅವರೇ. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕೂತು ಕೇಳಿದ್ದು ಏನು? ತಿಂಗಳಿಗೆ ಇಂತಿಷ್ಟು ಅಂತ ಖಚಿತವಾದ ಗೌರವಧನ. ಅವರ ಬೆನ್ನ ಮೇಲೆ ಇನ್ನೊಂದು ಮೂಟೆ ಹೊರಿಸಿ ‘ಮನೆಭೇಟಿ ಯೋಜನೆ ಜಾರಿ’ ಅಂತ ಬೋರ್ಡು ಹಾಕಿದರೆ ಅದು ಮೋಸ. ನಾನು ಕೇಳ್ತಿರೋದು ಇದೇ ಕೆಲಸಕ್ಕೆ ಅಂತಲೇ ಇರುವ, ತರಬೇತಿ ಪಡೆದ, ತಿಂಗಳ ಸಂಬಳದ ಜನ. ದಿನಕ್ಕೆ ಮೂರು ಮನೆ, ವಾರಕ್ಕೆ 15 ಮಕ್ಕಳು. ತಿಂಗಳಿಗೆ 20 ಸಾವಿರ ಕೊಟ್ಟರೂ ಒಬ್ಬರಿಗೆ ವರ್ಷಕ್ಕೆ 2 ಲಕ್ಷ 40 ಸಾವಿರ. ಒಂದು ಸೇತುವೆಯ ದುಡ್ಡಿನಲ್ಲಿ ಸಾವಿರ ಜನಕ್ಕೆ ಹತ್ತೊಂಬತ್ತು ವರ್ಷ ಸಂಬಳ ಕೊಡಬಹುದು, ನೀವೇ ಭಾಗಿಸಿ ನೋಡಿ.

ಅಸ್ಥಿಪಂಜರ ಕೂಡ ರೆಡಿ ಇದೆ ನಮ್ಮಲ್ಲಿ. ಕರ್ನಾಟಕದ ಗ್ರಾಮ ಪಂಚಾಯ್ತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರ್ತಾರೆ, ವಿಆರ್‌ಡಬ್ಲ್ಯೂ. ತಾಲೂಕಿಗೆ ಒಬ್ಬ ಎಂಆರ್‌ಡಬ್ಲ್ಯೂ. ಹೆಚ್ಚಿನವರು ಸ್ವತಃ ಅಂಗವಿಕಲರು. ಅವರ ದಿನವೆಲ್ಲ ಯುಡಿಐಡಿ ಕಾರ್ಡು, ಪಿಂಚಣಿ ಅರ್ಜಿ, ಇಂಥದ್ದರಲ್ಲೇ ಕಳೆದುಹೋಗುತ್ತೆ. ಇವರಲ್ಲಿ ಆಸಕ್ತಿ ಇದ್ದವರನ್ನು ಆರಿಸಿ ಒಂದು ವರ್ಷ ಸರಿಯಾಗಿ ತರಬೇತಿ ಕೊಡಿ. ಕೋಲು ಊರಿಕೊಂಡು ಬಂದ ಮನುಷ್ಯ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕ್ತಾ ಅಜ್ಜಿಯ ಹತ್ತಿರ ಮಾತಾಡಿದರೆ ಆಗೋ ಕೆಲಸ, ಬಿಳಿ ಕೋಟಿನವರು ಹೇಳಿದರೆ ಆಗಲ್ಲ.

ಈ ಮಾತಿಗೆ ನನ್ನ ಹತ್ತಿರ ಸಾಕ್ಷಿ ಇದೆ. ಅಕ್ಕ ಬೆಂಗಳೂರಿನಿಂದ ವಾಪಸ್ ಹೋದ ಮೇಲೆ, ವಿಶೇಷ ಶಿಕ್ಷಣದ ಡಿಪ್ಲೊಮಾ ಮಾಡಿದ ಒಬ್ಬ ಹುಡುಗಿ ಪಕ್ಕದೂರಿಗೆ ಮದುವೆಯಾಗಿ ಬಂದಿದ್ದು ಗೊತ್ತಾಯ್ತು. ಯಾರೂ ಕಳಿಸದೆ ಆಕೆ ಏಳು ತಿಂಗಳು ಪ್ರತಿ ಶನಿವಾರ ಬಂದಳು, ಪೆಟ್ರೋಲಿನ ದುಡ್ಡಿಗೆ. ಆಕೆಯ ಚೀಲದಲ್ಲಿ ಆಟದ ಸಾಮಾನೇ ಇರಲಿಲ್ಲ. ಮೊರದಲ್ಲಿ ಗೋಟಡಿಕೆ ಸುರಿದು ಒಂದೊಂದೇ ಎತ್ತಿ ಚೊಂಬಿಗೆ ಹಾಕೋದು, ಎದುರಿಗೇ ಕೂತು ನೋಡಿಕೊಳ್ಳುತ್ತಾ (ಅಡಿಕೆ ಬಾಯಿಗೆ ಹೋದರೆ ಕಷ್ಟ). ಜಗಲಿ ಕಟ್ಟೆ ಹಿಡಿದು ಅಡ್ಡ ನಡೆಯೋದು, ಕಟ್ಟೆಯ ಆ ತುದಿಯಲ್ಲಿ ಬಾಳೆಹಣ್ಣು. ಅವನು ಲೋಟದ ಕಡೆ ನೋಡಿದ ಕೂಡಲೇ ಹಾಲು ಕೊಡಬಾರದು, ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಬೇಕು, ಕೈ ಚಾಚಲಿ, ಏನಾದ್ರೂ ಸದ್ದು ಮಾಡಲಿ. ಈ ಹತ್ತು ಎಣಿಸೋದನ್ನು ಅಜ್ಜಿಗೆ ಕಲಿಸೋಕೆ ಒಂದು ತಿಂಗಳು ಹಿಡೀತಂತೆ. ಬಜೆ ಹಚ್ಚಬೇಡಿ ಅಂತ ಆಕೆ ಒಂದು ದಿನವೂ ಹೇಳಲಿಲ್ಲ. ‘ಹಚ್ಚುವಾಗ ಅವನ ಮುಖ ನೋಡಿ, ಆ... ಅನ್ನಿಸಿ’ ಅಂದಳು ಅಷ್ಟೇ. ಹುಡುಗನಿಗೀಗ ನಾಲ್ಕು ದಾಟಿದೆ. ನಡೀತಾನೆ. ಇಪ್ಪತ್ತು ಮೂವತ್ತು ಪದ ಇದೆ, ಅದರಲ್ಲಿ ‘ಅಂಬಾ’ ಮೊದಲನೆಯದು. ವಾಸಿಯಾಗಿಬಿಟ್ಟ ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳುವವರನ್ನು ನಂಬಲೂಬೇಡಿ. ಏಳು ತಿಂಗಳ ನಂತರ ಆಕೆಗೆ ಬೇರೆ ಜಿಲ್ಲೆಯಲ್ಲಿ ಕೆಲಸ ಸಿಕ್ಕಿ ಹೋದಳು. ಹೋಗಬೇಕಾದ್ದೇ, ಪೆಟ್ರೋಲ್ ದುಡ್ಡಿನಲ್ಲಿ ಯಾರು ಬದುಕ್ತಾರೆ. ಆ ಹೋಬಳಿಯಲ್ಲಿ ಅಂಥ ಮಗು ನಮ್ಮದೊಂದೇ ಅಲ್ಲ. ಉಳಿದವರ ಪಕ್ಕದೂರಿಗೆ ಯಾವ ಸೊಸೆಯೂ ಬರಲಿಲ್ಲ.

ಮನೆಭೇಟಿಯ ವಿರುದ್ಧ ಒಂದು ವಾದವನ್ನು ಮಾತ್ರ ನಾನು ಗಂಭೀರವಾಗಿ ತಗೋತೀನಿ. ‘ಕೊನೆಗೆ ಎಲ್ಲ ಭಾರವೂ ತಾಯಿಯ ತಲೆ ಮೇಲೆ ಬೀಳುತ್ತೆ, ಸಂಬಳ ಇಲ್ಲದ ಥೆರಪಿಸ್ಟ್ ಮಾಡ್ತೀರಿ ಅವಳನ್ನು.’ ನಿಜ, ಹಾಗೆ ಆಗಬಹುದು. ಕೊಟ್ಟಿಗೆ, ಅಡಿಗೆ, ಅಡಿಕೆ ಸುಲಿಯೋದು, ಇದರ ಮೇಲೆ ಇನ್ನೊಂದು ಹೋಂವರ್ಕ್ ಹಾಳೆ. ಹಾಳೆಯಲ್ಲಿ ಗುರುತು ಬೀಳದಿದ್ದರೆ ‘ನೀನೇ ಸರಿಯಾಗಿ ಮಾಡಲಿಲ್ಲ’ ಅನ್ನೋ ಮಾತು ಬೇರೆ. ಅದಕ್ಕೇ ಭೇಟಿ ಕೊಡುವವರು ಬರೋ ಹೊತ್ತು ಮುಖ್ಯ. ಬೆಳಿಗ್ಗೆ 11ಕ್ಕೆ ಬಂದರೆ ಸಿಗೋದು ತಾಯಿ ಒಬ್ಬಳೇ. ಸಂಜೆ ಅಥವಾ ಭಾನುವಾರ ಬಂದರೆ ಅಪ್ಪ ಸಿಗ್ತಾನೆ, ಅವನ ಕೈಯಲ್ಲಿ ಮಾಡಿಸಬೇಕು. ನಮ್ಮ ಭಾವ ಮಗನಿಗೆ ಸ್ನಾನ ಮಾಡಿಸಲು ಶುರು ಮಾಡಿದ್ದೇ ಆ ಶನಿವಾರಗಳಿಂದ. ಮತ್ತೆ, ಜಿಲ್ಲಾ ಕೇಂದ್ರಕ್ಕೆ ವಾರಕ್ಕೆ 400 ಕಿಲೋಮೀಟರ್ ಓಡಾಡೋ ಭಾರ ಯಾರ ತಲೆ ಮೇಲೆ ಇತ್ತು ಅಂತ ಈ ವಾದ ಮಾಡುವವರು ಹೇಳಬೇಕು.

ನನ್ನ ಜೊತೆ ಓದಿದ ಗೆಳೆಯ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅವನ ಮಗಳಿಗೂ ಮಾತು ತಡ. ಅಲ್ಲಿ ಫೋನು ಮಾಡಿ ಹೇಳಿದ 45 ದಿನದೊಳಗೆ ಮಗುವನ್ನು ಪರೀಕ್ಷಿಸಿ, ಇಡೀ ಕುಟುಂಬಕ್ಕೆ ಅಂತ ಒಂದು ಯೋಜನೆ ಬರೆದು ಮುಗಿಸಬೇಕು, ಅದು ಕಾನೂನು. ಮೂರು ವರ್ಷದವರೆಗಿನ ಮಕ್ಕಳಿಗೆ ಆದಷ್ಟೂ ಮನೆಯಂಥ ಸಹಜ ಜಾಗದಲ್ಲೇ ಸೇವೆ ಕೊಡಬೇಕು ಅನ್ನೋದೂ ಕಾನೂನು. ನಮ್ಮ ಕಾನೂನು? ಶಿಕ್ಷಣ ಹಕ್ಕು ಕಾಯ್ದೆ ಶುರುವಾಗೋದು 6ನೇ ವರ್ಷದಿಂದ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಉಚಿತ ಶಿಕ್ಷಣ 6ರಿಂದ 18. ಅದೇ ಕಾಯ್ದೆಯಲ್ಲಿ ಎಲ್ಲ ಮಕ್ಕಳನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕು ಅಂತಿದೆ. ತಪಾಸಣೆಯಲ್ಲಿ ಸಿಕ್ಕ ಎರಡು ವರ್ಷದ ಮಗುವಿನ ಮನೆಗೆ ಇಷ್ಟು ದಿನದೊಳಗೆ ಯಾರಾದರೂ ಹೋಗಲೇಬೇಕು ಅಂತ ಎಲ್ಲೂ ಇಲ್ಲ. ಮಿದುಳು ಅತಿ ಬೇಗ ಬೆಳೆಯುವ ವರ್ಷಗಳನ್ನೇ ಬಿಟ್ಟು ಹಕ್ಕು ಕೊಡೋದು, ಮಳೆಗಾಲ ಮುಗಿದ ಮೇಲೆ ಸೋಗೆ ಹೊದಿಸಿದ ಹಾಗೆ.

ನೀವು ಹಳ್ಳಿ ಕಡೆಯವರಾಗಿದ್ದರೆ ಮುಂದಿನ ಗ್ರಾಮಸಭೆಗೆ ಹೋಗಿ. ಪಂಚಾಯ್ತಿಯ ಸ್ವಂತ ಆದಾಯದಲ್ಲಿ ಶೇಕಡಾ 5 ಅಂಗವಿಕಲರಿಗೆ ಮೀಸಲು, ಅದು ಏನಾಯ್ತು ಅಂತ ಕೇಳಿ. ಒಬ್ಬ ಕಾರ್ಯಕರ್ತೆಯ ಪೆಟ್ರೋಲಿಗಾದರೂ ಅದರಲ್ಲಿ ದಾರಿ ಇದೆಯಾ ನೋಡಿ. ಆಮೇಲೆ ಇನ್ನೆರಡು ಸಂಖ್ಯೆ ಕೇಳಿ. ಕಳೆದ ವರ್ಷ ನಮ್ಮ ಪಂಚಾಯ್ತಿಯಿಂದ ಆರು ವರ್ಷದೊಳಗಿನ ಎಷ್ಟು ಮಕ್ಕಳನ್ನು ಜಿಲ್ಲಾ ಕೇಂದ್ರಕ್ಕೆ ರೆಫರ್ ಮಾಡಿದ್ರಿ? ಅದರಲ್ಲಿ ಎಷ್ಟು ಮಕ್ಕಳ ಮನೆಗೆ ಆಮೇಲೆ ಯಾರಾದರೂ ಹೋದ್ರು? ಮೊದಲನೆಯದಕ್ಕೆ ಉತ್ತರ ಸಿಗುತ್ತೆ, ರಿಜಿಸ್ಟರಿನಲ್ಲಿ ಇರುತ್ತೆ. ಎರಡನೆಯದನ್ನು ಬರೆಯೋಕೆ ಅದರಲ್ಲಿ ಕಾಲಂ ಇದೆಯಾ ಅಂತ ಒಮ್ಮೆ ಬಗ್ಗಿ ನೋಡಿ ಬನ್ನಿ.